ಮೊದಲು ತಂದೆಯ ಚಿತ್ತ, ಆಮೇಲೆ ಮಕ್ಕಳ ಬೇಡಿಕೆ

ಬೆಟ್ಟದ ಪುಣ್ಯಕ್ಷೇತ್ರಕ್ಕೆ ಬರಿಗೈಯಲ್ಲಿ ಬರುವವರು ಕಡಿಮೆ. ಕೈಯಲ್ಲಿ ಮೇಣದಬತ್ತಿ, ಹೂವು, ಜಪಸರ ಇರುತ್ತವೆ. ಮನಸ್ಸಿನಲ್ಲಿ ಅದಕ್ಕಿಂತ ಭಾರವಾದ ಒಂದು ಗಂಟು ಇರುತ್ತದೆ. ಮಗನಿಗೆ ಕೆಲ್ಸ ಸಿಗಲಿ, ಮಗಳ ಮದುವೆ ಕೂಡಿಬರಲಿ, ಗಂಡ ಕುಡಿತ ಬಿಡಲಿ, ಬ್ಯಾಂಕಿನ ಸಾಲ ತೀರಲಿ, ಅಮ್ಮನ ಆಪರೇಷನ್ ಸುಸೂತ್ರವಾಗಿ ಆಗಲಿ ಎಂದು ಒಬ್ಬೊಬ್ಬರದೂ ಒಂದೊಂದು ಬೇಡಿಕೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ನಿಟ್ಟುಸಿರು.

ಇಂಥ ಬೇಡಿಕೆ ಹೊತ್ತು ಬರೋದು ತಪ್ಪೇ? ಖಂಡಿತ ತಪ್ಪಲ್ಲ. ಮಗಳಿಗಾಗಿ ಕಾಲಿಗೆ ಬಿದ್ದ ಯಾಯೀರನನ್ನು ಯೇಸುಸ್ವಾಮಿ ಹಿಂದಕ್ಕೆ ಕಳುಹಿಸಲಿಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದ ಹೆಂಗಸು ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಅವರ ಬಟ್ಟೆ ಮುಟ್ಟಿದಾಗ ಗದರಿಸಲಿಲ್ಲ. ಕಷ್ಟ ಹೇಳಿಕೊಳ್ಳುವುದು ಮಕ್ಕಳ ಹಕ್ಕು, ಕೇಳುವುದು ತಂದೆಯ ಪ್ರೀತಿ. ಆದರೆ ಮಕ್ಕಳು ತಮ್ಮ ಬೇಡಿಕೆಯೊಂದನ್ನೇ ಕಂಡು, ತಂದೆಯ ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆಯೂ ಕೇಳದೆ ಹೋದರೆ ಆ ಸಂಬಂಧದಲ್ಲಿ ಏನೋ ಕೊರತೆ ಇದೆ ಎಂದೇ ಅರ್ಥ.

ಪ್ರಾರ್ಥನೆಗೂ ಒಂದು ಕ್ರಮವಿದೆ

ಶಿಷ್ಯರಿಗೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಪ್ರತಿ ಕ್ರೈಸ್ತ ಮಗುವೂ ಬಾಯಿಪಾಠ ಮಾಡಿರುತ್ತದೆ. ಬಾಯಿಪಾಠವಾದ ಕಾರಣಕ್ಕೇ ಅದರ ಕ್ರಮ ಗಮನಕ್ಕೆ ಬರುವುದಿಲ್ಲ. ಧರ್ಮಸಭೆಯ ಬೋಧನೆಯ ಪ್ರಕಾರ ಅದರಲ್ಲಿ 7 ಬೇಡಿಕೆಗಳಿವೆ. ಮೊದಲ 3 ದೇವರಿಗೆ ಸೇರಿದವು: ಅವರ ನಾಮಕ್ಕೆ ಗೌರವ, ಅವರ ರಾಜ್ಯದ ಆಗಮನ, ಅವರ ಚಿತ್ತದ ನೆರವೇರಿಕೆ. ಉಳಿದ 4 ಮನುಷ್ಯರಿಗೆ ಸೇರಿದವು: ದಿನದ ಊಟ, ಪಾಪಕ್ಷಮೆ, ಶೋಧನೆಯಿಂದ ಕಾಪಾಡುವುದು, ಕೇಡಿನಿಂದ ಬಿಡುಗಡೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಊಟದ ಮಾತು ಪ್ರಾರ್ಥನೆಯಲ್ಲಿ ಇದ್ದೇ ಇದೆ. ಹೊಟ್ಟೆಪಾಡು ಸಣ್ಣ ವಿಷಯ, ಅದನ್ನೆಲ್ಲ ದೇವರ ಮುಂದೆ ತರಬಾರದು ಎಂದು ಸ್ವಾಮಿ ಹೇಳಲಿಲ್ಲ. ಎರಡನೆಯದು, ಆ ಮಾತು ಬರುವುದು ನಾಲ್ಕನೆಯದಾಗಿ. ದೇವರ ಚಿತ್ತ ನೆರವೇರಲಿ ಎಂದು ಹೇಳಿದ ಬಾಯಿಯಿಂದಲೇ ಊಟ ಕೇಳಬೇಕು. ಅದೂ ಒಬ್ಬನ ತಟ್ಟೆಗಷ್ಟೇ ಅಲ್ಲ, ಎಲ್ಲರ ತಟ್ಟೆಗೂ. ಒಬ್ಬನೇ ಕೋಣೆಯಲ್ಲಿ ಕೂತು ಪ್ರಾರ್ಥಿಸಿದರೂ ಅದರಲ್ಲಿ 'ನನಗೆ' ಎಂಬ ಶಬ್ದ ಬರುವುದಿಲ್ಲ, 'ನಮಗೆ' ಎಂದೇ ಬರುತ್ತದೆ.

ಬಲಿಪೂಜೆಯಲ್ಲಿಯೂ ಇದೇ ಕ್ರಮ ಕಾಣುತ್ತದೆ. ಪ್ರಬೋಧನೆಯ ನಂತರ ವಿಶ್ವಾಸಿಗಳ ಪ್ರಾರ್ಥನೆ ನಡೆಯುತ್ತದಲ್ಲ, ಅಲ್ಲಿ ಸಾಮಾನ್ಯವಾಗಿ ಮೊದಲು ಇಡೀ ಧರ್ಮಸಭೆಗಾಗಿ, ಬಳಿಕ ನಾಡನ್ನು ಆಳುವವರಿಗಾಗಿ ಮತ್ತು ಲೋಕದ ಒಳಿತಿಗಾಗಿ, ಆಮೇಲೆ ಕಷ್ಟದಲ್ಲಿರುವವರಿಗಾಗಿ, ಕೊನೆಗೆ ಸ್ಥಳೀಯ ಸಮುದಾಯಕ್ಕಾಗಿ ಬೇಡಲಾಗುತ್ತದೆ. ಸ್ವಂತ ಬೇಡಿಕೆಗೆ ಅಲ್ಲಿ ಜಾಗ ಇಲ್ಲ ಎಂದಲ್ಲ, ಅದಕ್ಕೊಂದು ದೊಡ್ಡ ಮನೆಯೊಳಗೆ ಜಾಗ ಇದೆ ಎಂದು.

ಒಂದೇ ಪ್ರಶ್ನೆ, ಎರಡು ಉತ್ತರ

ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯವನ್ನು ನಿಧಾನವಾಗಿ ಓದಿದವರಿಗೆ ಒಂದು ವಿಶೇಷ ಕಾಣುತ್ತದೆ. ಯೇಸುಸ್ವಾಮಿ ಜೆರುಸಲೇಮಿನ ಕಡೆಗೆ ಹೊರಟಿದ್ದಾರೆ. ಅಲ್ಲಿ ಶಿಲುಬೆ ಕಾದಿದೆ ಎಂದು ಶಿಷ್ಯರಿಗೆ ಆಗಲೇ ತಿಳಿಸಿದ್ದಾರೆ. ಆ ಮಾತು ಮುಗಿಯುವಷ್ಟರಲ್ಲಿ ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನ ಹತ್ತಿರ ಬಂದು ತಮ್ಮದೊಂದು ಬೇಡಿಕೆ ಇದೆ ಎಂದರು. ತನ್ನಿಂದ ಏನಾಗಬೇಕು ಎಂದು ಸ್ವಾಮಿ ಕೇಳಿದರು. ಅವರ ಮಹಿಮೆಯಲ್ಲಿ ಬಲಕ್ಕೊಂದು, ಎಡಕ್ಕೊಂದು ಪೀಠ ತಮಗೆ ಬೇಕು ಎಂದರು ಅಣ್ಣತಮ್ಮ. ಸ್ವಾಮಿ ಪ್ರಾಣ ಕೊಡುವ ಯೋಚನೆಯಲ್ಲಿದ್ದಾರೆ, ಶಿಷ್ಯರು ಕುರ್ಚಿಯ ಯೋಚನೆಯಲ್ಲಿದ್ದಾರೆ!

ಅದೇ ಅಧ್ಯಾಯದ ಕೊನೆಗೆ ಜೆರಿಕೋ ಊರಿನ ಹಾದಿಬದಿಯಲ್ಲಿ ಕುರುಡ ಭಿಕ್ಷುಕ ಬಾರ್ತಿಮಾಯ ಕೂಗಿಕೊಳ್ಳುತ್ತಾನೆ. ಜನ ಸುಮ್ನಿರು ಎಂದು ಗದರಿಸಿದರೂ ಬಿಡುವುದಿಲ್ಲ. ಯೇಸುಸ್ವಾಮಿ ಅವನನ್ನು ಕರೆಸಿ, ಅಣ್ಣತಮ್ಮಂದಿರಿಗೆ ಕೇಳಿದ ಪ್ರಶ್ನೆಯನ್ನೇ ಕೇಳಿದರು. ಅವನು ಕಣ್ಣು ಬೇಕು ಎಂದ. ಕಣ್ಣು ಬಂತು.

ಕಣ್ಣು ಬಂದ ಮೇಲೆ ಅವನು ಏನು ಮಾಡಿದ? ಇಷ್ಟು ದಿನ ಕಾಣದಿದ್ದ ಊರು ನೋಡಲು ಹೋಗಲಿಲ್ಲ. ಅದೇ ಹಾದಿಯಲ್ಲಿ ಯೇಸುಸ್ವಾಮಿಯ ಹಿಂದೆ ನಡೆದ ಎಂದು ಶುಭಸಂದೇಶ ಹೇಳುತ್ತದೆ. ಆ ಹಾದಿ ಜೆರುಸಲೇಮಿನ ಬೆಟ್ಟ ಹತ್ತುವ ಹಾದಿ, ಶಿಲುಬೆಯ ಹಾದಿ. ಅವನಿಗೆ ಸಿಕ್ಕ ವರ ಮನೆಯಲ್ಲಿ ಮುಚ್ಚಿಡುವ ಆಸ್ತಿಯಾಗಲಿಲ್ಲ, ಸ್ವಾಮಿಯ ಜೊತೆ ನಡೆಯುವ ಶಕ್ತಿಯಾಯಿತು. ಬೇಡಿಕೆ ಸ್ವಂತದ್ದೇ, ಆದರೆ ಅದು ದೇವರ ದೊಡ್ಡ ಯೋಜನೆಯೊಳಗೆ ಸೇರಿಕೊಂಡಿತು.

ಮಾತೆ ಮರಿಯಮ್ಮನವರ ಬೆಟ್ಟದ ಪ್ರಯಾಣ

ಬೆಟ್ಟದ ನಾಡಿಗೆ ಪ್ರಯಾಣ ಹೊರಟವರಲ್ಲಿ ಮಾತೆ ಮರಿಯಮ್ಮನವರೂ ಒಬ್ಬರು. ದೇವದೂತನ ಮಾತಿಗೆ ಒಪ್ಪಿದ ಮೇಲೆ ಅವರಿಗೆ ಚಿಂತೆ ಕಡಿಮೆಯಿರಲಿಲ್ಲ. ನಿಶ್ಚಿತಾರ್ಥವಾದ ಹುಡುಗಿ ಗರ್ಭಿಣಿ ಎಂದರೆ ಊರು ಏನು ಹೇಳೀತು? ಜೋಸೆಫರು ಏನೆಂದಾರು? ಆದರೂ ಅವರು ಅವಸರದಿಂದ ಹೊರಟದ್ದು ಯೂದಾಯದ ಬೆಟ್ಟದ ನಾಡಿಗೆ, ವಯಸ್ಸಾದ ಕಾಲದಲ್ಲಿ ಬಸುರಿಯಾಗಿದ್ದ ಎಲಿಜಬೇತಮ್ಮನವರ ಮನೆಗೆ. ನಜರೇತಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿ ಸುಮಾರು 3 ತಿಂಗಳು ಇದ್ದರು.

ಅಲ್ಲಿ ಅವರು ಹಾಡಿದ ಸ್ತುತಿಗೀತೆ ಲೂಕನ 1ನೇ ಅಧ್ಯಾಯದಲ್ಲಿದೆ. ಅದು ಶುರುವಾಗುವುದು ತಮ್ಮ ಸ್ವಂತ ಸಂತೋಷದಿಂದ. ಆಮೇಲೆ ದೀನದಲಿತರು ಬರುತ್ತಾರೆ, ಹಸಿದವರು ಬರುತ್ತಾರೆ, ಅಬ್ರಹಾಮನಿಗೆ ಕೊಟ್ಟ ವಾಗ್ದಾನದ ನೆನಪಿನೊಂದಿಗೆ ಹಾಡು ಮುಗಿಯುತ್ತದೆ. ಒಬ್ಬ ಹುಡುಗಿಯ ಮಡಿಲಲ್ಲಿ ನಡೆದದ್ದು ಇಡೀ ಲೋಕಕ್ಕೆ ಸೇರಿದ್ದು ಎಂಬುದನ್ನು ಅವರು ಕಂಡುಕೊಂಡಿದ್ದರು.

ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಕರಾವಳಿಯ ಕ್ರೈಸ್ತರಿಗೆ ಹತ್ತಿರದವರಾದ ಸಂತ ಜೋಸೆಫ್ ವಾಜ್ ಅವರ ಜೀವನದಲ್ಲಿ ಈ ಪಾಠ ಎದ್ದು ಕಾಣುತ್ತದೆ. ಅವರು ಹುಟ್ಟಿದ್ದು 1651ರಲ್ಲಿ, ಗೋವೆಯ ಬೆಣಾವ್ಲಿಯಲ್ಲಿ. 1676ರಲ್ಲಿ ಗುರುಗಳಾದರು. ಆಗ ಸಿಲೋನ್, ಅಂದರೆ ಇಂದಿನ ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಅನೇಕ ವರ್ಷ ಗುರುಗಳಿಲ್ಲದೆ, ಪೂಜೆಯಿಲ್ಲದೆ ಇದ್ದ ಆ ಜನರ ಸುದ್ದಿ ಕೇಳಿ ವಾಜ್ ಅವರು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಗೋವೆಯ ಹಿರಿಯ ಗುರುಗಳನ್ನು ಬೇಡಿದರು.

ಒಳ್ಳೆಯ ಬೇಡಿಕೆಯೇ. ಆದರೂ ಸಿಗಲಿಲ್ಲ. ಅದರ ಬದಲು 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಿದರು. ಕೆನರಾದಲ್ಲಿ ಯಾರ ಅಧಿಕಾರ ನಡೆಯಬೇಕು ಎಂದು ಗೋವೆಯವರಿಗೂ, ರೋಮಿನಿಂದ ನೇಮಕಗೊಂಡಿದ್ದ ಧರ್ಮಾಧ್ಯಕ್ಷರಿಗೂ ಆಗ ತಕರಾರು ನಡೆದಿತ್ತು. ಜನ ಎರಡು ಪಕ್ಷವಾಗಿದ್ದರು. ಇನ್ನೊಬ್ಬರಾಗಿದ್ದರೆ 'ನಾನು ಕೇಳಿದ್ದೇನು, ಇವರು ಕೊಟ್ಟಿದ್ದೇನು' ಎಂದು ಮುನಿಸಿಕೊಂಡು ದಿನ ಕಳೆಯುತ್ತಿದ್ದರೇನೋ. ವಾಜ್ ಅವರು ಜಗಳ ಬೆಳೆಸದೆ, ಕುಂದಾಪುರ, ಗಂಗೊಳ್ಳಿ, ಬಸ್ರೂರು, ಹೊನ್ನಾವರ ಕಡೆಗಳಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿಕೊಂಡು ನಡೆದರು, ದೇವಾಲಯಗಳನ್ನು ಎಬ್ಬಿಸಿದರು. ಮಂಗಳೂರಿನ ಬಳಿಯ ಮುಡಿಪು ಬೆಟ್ಟದಲ್ಲಿ ಅವರ ನೆನಪಿನ ಪುಣ್ಯಕ್ಷೇತ್ರವಿದೆ. ಅಲ್ಲಿಯ ನೀರಿನ ಬುಗ್ಗೆಗಳು ಅವರ ಪ್ರಾರ್ಥನೆಯ ಫಲ ಎಂಬುದು ಭಕ್ತರ ನಂಬಿಕೆ. ಬೇಡದೆ ಬಂದ ಕೆಲಸವನ್ನು ಮನಸ್ಸಿಟ್ಟು ಮಾಡಿದವರ ನೆನಪು ಮುನ್ನೂರು ವರ್ಷವಾದರೂ ಅಳಿದಿಲ್ಲ.

1684ರಲ್ಲಿ ಅವರು ಗೋವೆಗೆ ಮರಳಿದರು. 1687ರಲ್ಲಿ ಕೊನೆಗೂ ಸಿಲೋನ್ ತಲುಪಿದರು. ಹೇಗೆ? ಡಚ್ಚರ ಕಣ್ಣು ತಪ್ಪಿಸಲು ಬಡ ಕೂಲಿಯಂತೆ ವೇಷ ಮರೆಸಿಕೊಂಡು. ಪ್ರಯಾಣದಲ್ಲಿ ಭೇದಿ ಹತ್ತಿ ಸಾಯುವ ಸ್ಥಿತಿಗೆ ಬಂದಿದ್ದರು. ಚೇತರಿಸಿಕೊಂಡ ಮೇಲೆ ಕ್ರೈಸ್ತರು ಯಾರೆಂದು ತಿಳಿಯಲು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರದ ಗುರುತು ಹಿಡಿದು ವಿಶ್ವಾಸಿಗಳು ಬಾಗಿಲು ತೆರೆದರು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಕಾಲಿಟ್ಟಾಗ ಪೋರ್ಚುಗೀಸರ ಗೂಢಚಾರ ಎಂಬ ಚಾಡಿಮಾತಿನಿಂದ ಸೆರೆಯಾಯಿತು. ಸೆರೆಯಲ್ಲಿ ಕೂತು ಸಿಂಹಳ ಭಾಷೆ ಕಲಿತರು, ಗುಡಿಸಲೊಂದನ್ನು ಕಟ್ಟಿ ಪೂಜೆ ಅರ್ಪಿಸಿದರು, ಜೊತೆಯ ಸೆರೆಯಾಳುಗಳಿಗೆ ಗುರುಗಳಾದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಹೆದರಿದ ಜನ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಅವರೂ ಅವರ ಸೋದರಳಿಯ ಗುರುಗಳೂ ಮತಭೇದವೆಣಿಸದೆ ಬಿಟ್ಟುಹೋದವರ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಅವರು ಮತ್ತೆ ಗೋವೆ ಕಾಣಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರು ಅವರನ್ನು ಸಂತರೆಂದು ಸಾರಿದರು.

ಬೇಡಿದ ಕೆಲಸ ತಡವಾಗಿ ಸಿಕ್ಕಿತು. ಸಿಕ್ಕಾಗ ಅದರ ಜೊತೆ ರೋಗವೂ ಬಂತು, ಸೆರೆಮನೆಯೂ ಬಂತು. ಆದರೂ ಒಂದು ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ: ಇಲ್ಲಿ, ಈಗ, ದೇವರಿಗೆ ಏನಾಗಬೇಕಾಗಿದೆ?

ಕೇಳಿದ್ದು ಸಿಗದೇ ಹೋದರೆ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಗುವನ್ನು ಕಳೆದುಕೊಂಡ ತಾಯಿಗೆ 'ಎಲ್ಲ ದೇವರ ಚಿತ್ತ, ಅಳಬೇಡ' ಎಂದು ಹೇಳಿ ಎದ್ದುಹೋಗುವುದು ಸುಲಭ. ದೇವರ ದೊಡ್ಡ ಯೋಜನೆ ಎಂಬ ಮಾತು ಬೇರೆಯವರ ಬಾಯಿ ಮುಚ್ಚಿಸುವ ಬಟ್ಟೆಯಾಗಬಾರದು. ಲಾಜರನನ್ನು ಎಬ್ಬಿಸಲಿದ್ದೇನೆ ಎಂದು ತಿಳಿದಿದ್ದರೂ ಯೇಸುಸ್ವಾಮಿ ಅವನ ಅಕ್ಕತಂಗಿಯರ ಜೊತೆ ಕಣ್ಣೀರಿಟ್ಟರು. ಮೊದಲು ಅತ್ತರು, ಆಮೇಲೆ ಎಬ್ಬಿಸಿದರು.

ಗೆತ್ಸೆಮನಿ ತೋಪಿನಲ್ಲಿ ಅವರೇ ಬೇಡಿದರು. ಯಾತನೆಯ ಪಾತ್ರೆ ತಪ್ಪಿಹೋಗಲಿ ಎಂಬ ಆಸೆಯನ್ನು ಮುಚ್ಚಿಡಲಿಲ್ಲ. ಆದರೆ ಕೊನೆಯ ಮಾತನ್ನು ತಂದೆಗೆ ಬಿಟ್ಟುಕೊಟ್ಟರು. ಪಾತ್ರೆ ತಪ್ಪಲಿಲ್ಲ, ಲೋಕಕ್ಕೆ ರಕ್ಷಣೆ ಬಂತು. ಸಂತ ಪೌಲನೂ ತನ್ನ ಶರೀರದ ಮುಳ್ಳು ತೆಗೆದುಬಿಡು ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಅದನ್ನು ಹೊತ್ತು ನಡೆಯುವ ಕೃಪೆ ಸಿಕ್ಕಿತು ಎಂದು ಕೊರಿಂಥದವರಿಗೆ ಬರೆದ 2ನೇ ಪತ್ರದ 12ನೇ ಅಧ್ಯಾಯದಲ್ಲಿದೆ. ಆದ್ದರಿಂದ ಬೇಡಿಕೆ ಈಡೇರದವರು ವಿಶ್ವಾಸ ಕಡಿಮೆಯಾದವರು ಎಂದು ಯಾರೂ ತೀರ್ಪು ಕೊಡಬಾರದು. ಅವರು ಯೇಸುಸ್ವಾಮಿಯ ಸಾಲಿನಲ್ಲೇ ನಿಂತವರು.

ಬೆಟ್ಟ ಇಳಿಯುವ ಮುನ್ನ

ಯಾತ್ರಿಕರು ಇಲ್ಲಿಂದ ಹೊರಡುವ ಮುಂಚೆ ಮೂರು ಕೆಲಸ ಮಾಡಬಹುದು.

1. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಒಮ್ಮೆ ನಿಧಾನವಾಗಿ ಹೇಳುವುದು. ಮೂರನೇ ಬೇಡಿಕೆಯಾದ ಮೇಲೆ ಸ್ವಲ್ಪ ನಿಲ್ಲುವುದು. ಸ್ವಂತ ಕಷ್ಟವನ್ನು ಮನಸ್ಸಿಗೆ ತಂದುಕೊಂಡು, ಇದರಲ್ಲಿ ದೇವರ ಕೆಲಸ ಯಾವುದು ಎಂದು ಕೇಳಿಕೊಳ್ಳುವುದು. ಆಮೇಲೆ ಮುಂದುವರಿಯುವುದು.

2. ಮೇಣದಬತ್ತಿ ಹಚ್ಚುವಾಗ ಮನೆಯವರಲ್ಲದ ಒಬ್ಬರ ಹೆಸರು ಹೇಳುವುದು. ಪಕ್ಕದ ಮನೆಯ ರೋಗಿ ಇರಬಹುದು, ಮಾತು ಬಿಟ್ಟ ತಮ್ಮ ಇರಬಹುದು, ಬೇರೆ ಮತದ ಸ್ನೇಹಿತ ಇರಬಹುದು.

3. ಹರಕೆಗೆ ಒಂದು ಸೇವೆಯನ್ನು ಸೇರಿಸುವುದು. 'ನೀನು ಇದನ್ನು ಕೊಟ್ಟರೆ ನಾನು ಅದನ್ನು ಕೊಡ್ತೇನೆ' ಎನ್ನುವುದು ಸಂತೆಯ ವ್ಯಾಪಾರ. ಬೇಡಿಕೆ ಈಡೇರಲಿ, ಈಡೇರದಿರಲಿ, ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಒಂಟಿಯಾಗಿರುವ ಒಬ್ಬರನ್ನು ನೋಡಿಬರುತ್ತೇನೆ, ಒಂದು ಬಡ ಮಗುವಿನ ಪುಸ್ತಕದ ಖರ್ಚು ನೋಡಿಕೊಳ್ಳುತ್ತೇನೆ ಎನ್ನುವುದು ಮಕ್ಕಳ ಹರಕೆ.

ಮೇಲೆ ಹತ್ತುವಾಗ ಹೊತ್ತ ಗಂಟು ಇಳಿಯುವಾಗಲೂ ಹೆಗಲ ಮೇಲೆ ಇರಬಹುದು. ಅದನ್ನು ಹೊರಲು ಒಬ್ಬರು ಜೊತೆಗಿದ್ದಾರೆ ಎಂಬ ಅರಿವು ಬಂದಿದ್ದರೆ ಯಾತ್ರೆ ಸಾರ್ಥಕ.

ಪ್ರಾರ್ಥನೆ

ಪ್ರೀತಿಯ ತಂದೆಯೇ, ನಿನ್ನ ಮಕ್ಕಳ ಅಗತ್ಯ ನಿನಗೆ ಗೊತ್ತು. ಅದನ್ನು ಮುಚ್ಚಿಡದೆ ನಿನ್ನ ಪಾದದಲ್ಲಿ ಇಡುತ್ತೇವೆ. ನಿನ್ನ ಕೆಲಸ ಏನೆಂದು ಕಾಣುವ ಕಣ್ಣು ಕೊಡು. ಬಾರ್ತಿಮಾಯನ ಹಾಗೆ ನಿನ್ನ ಮಗನ ಹಿಂದೆ ನಡೆಯುವ ಕಾಲು ಕೊಡು. ಕೇಳಿದ್ದು ಸಿಕ್ಕರೆ ಹಂಚಿಕೊಳ್ಳುವ ಮನಸ್ಸನ್ನೂ, ಸಿಗದಿದ್ದರೆ ನಿನ್ನ ಕೈ ಬಿಡದ ವಿಶ್ವಾಸವನ್ನೂ ದಯಪಾಲಿಸು. ಆಮೆನ್.