ಅಣಶಿ ಘಟ್ಟ ಇಳಿಯುವ ಮುಂಚೆ

ದಾಂಡೇಲಿಗೆ ಸ್ವಂತ ಕಾರಲ್ಲೇ ಹೊರಟಿದ್ದೀವಿ, ಏನೇನು ನೋಡಬೇಕು ಅಂತ ಗೆಳೆಯರೊಬ್ಬರು ಕೇಳಿದ್ದಾರೆ. ರಾಫ್ಟಿಂಗ್, ಸಫಾರಿ, ಸಿಂಥೇರಿ ಬಂಡೆ ಎಂದು ಯಾರು ಬೇಕಾದರೂ ಹೇಳುತ್ತಾರೆ. ನಾನು ಬ್ರೇಕಿನ ಬಗ್ಗೆ ಹೇಳುತ್ತೇನೆ.

ಧಾರವಾಡದಿಂದ ಹಳಿಯಾಳ, ದಾಂಡೇಲಿವರೆಗೆ ರಸ್ತೆ ಸಲೀಸು. ಗಣೇಶಗುಡಿ, ಜೋಯಿಡಾ, ಕುಂಬಾರವಾಡ ದಾಟಿ ಅಣಶಿಯಿಂದ ಕದ್ರಾಕ್ಕೆ ಇಳಿಯುವಾಗಲೇ ಕಾರಿನ ಬಂಡವಾಳ ಬಯಲಾಗುವುದು. ಹೋದ ಸಲ ನಾನು ತಿರುವು ತಿರುವಿಗೂ ಬ್ರೇಕ್ ತುಳಿಯುತ್ತ ಇಳಿದೆ. ಅರ್ಧ ಘಟ್ಟದಲ್ಲಿ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲ್ ಮೆತ್ತಗೆ ತಳಕ್ಕೇ ಹೋಯಿತು. ಸೆಕೆಂಡ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ನಿಧಾನಕ್ಕೆ ಎಳೆದು, ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಮುಕ್ಕಾಲು ಗಂಟೆ ಬಿಟ್ಟು ತುಳಿದರೆ ಪೆಡಲ್ ಏನೂ ಆಗಿಲ್ಲದ ಹಾಗೆ ಗಟ್ಟಿಯಾಗಿತ್ತು! ಇದನ್ನು ನಂಬಿ ಮತ್ತೆ ಇಳಿಯಲು ಹೊರಟವರು ಕೆಟ್ಟರು.

ತಪ್ಪು ನನ್ನದೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಕುಡಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ನಾವು ತುಳಿಯುವುದು ಆ ಗುಳ್ಳೆಯನ್ನು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲನ್ನು ನಾನು ನಾಲ್ಕು ವರ್ಷ ಮುಟ್ಟಿರಲಿಲ್ಲ.

ವಾಪಸ್ ದಾಂಡೇಲಿಗೆ ಏರಿಸಿದೆ. ಕಾಗದದ ಕಾರ್ಖಾನೆಯ ಊರು, ಲಾರಿಗಳ ಊರು, ಗ್ಯಾರೇಜಿಗೆ ಬರವಿಲ್ಲ. ಮೊದಲು ಹೊಕ್ಕ ಕಡೆ, ಗಾಲಿ ಬಿಚ್ಚುವ ಮೊದಲೇ, ‘ನಾಲ್ಕೂ ಡಿಸ್ಕ್ ಚೇಂಜ್ ಮಾಡಬೇಕ್ರಿ’ ಅಂದರು. ನನ್ನ ಕಾರಿಗೆ ಹಿಂದೆ ಇರುವುದು ಡ್ರಮ್! ನಮಸ್ಕಾರ ಹೇಳಿ ಎದ್ದೆ.

ಎರಡನೆಯ ಮೇಸ್ತ್ರಿ ಗಾಲಿ ಬಿಚ್ಚಿ ಪ್ಯಾಡ್ ಕೈಗೇ ಕೊಟ್ಟ. ಉಳಿದದ್ದು ಎರಡು ಮಿಲಿಮೀಟರ್ ಇದ್ದೀತು. ಮೂರಕ್ಕಿಂತ ಕಡಿಮೆಯಾದರೆ ಬದಲಿಸಿ. ಹಿಂದಿನ ಡ್ರಮ್ ತೆಗೆದರೆ ಕೆಂಪು ಧೂಳು. ಆಮೇಲೆ ಏರ್ ತೆಗೆಯುವ ಕೆಲಸ. ನಾನು ಸೀಟಿನಲ್ಲಿ, ಅವನು ಗಾಲಿಯ ಹತ್ತಿರ. ‘ಒತ್ತ್ರಿ ಸರ... ಹಿಡೀರಿ... ಬಿಡ್ರಿ.’ ಸಣ್ಣ ಪೈಪಿನಿಂದ ನೀರಿನ ಬಾಟಲಿಗೆ ಮೊದಲು ಬಂದದ್ದು ಕರಿ ಚಹಾದ ಬಣ್ಣ, ಗುಳ್ಳೆ ಗುಳ್ಳೆ. ಹತ್ತಾರು ಸಲ ಒತ್ತಿದ ಮೇಲೆ ತಿಳಿ ಜೇನಿನ ಬಣ್ಣಕ್ಕೆ ತಿರುಗಿತು. ಪ್ಯಾಡು, ಆಯಿಲು, ಕೂಲಿ ಸೇರಿ ಎರಡೂವರೆ ಸಾವಿರದೊಳಗೇ ಮುಗಿಯಿತು, ಈಗ ಎಷ್ಟೋ. ಆಯಿಲ್ ಡಬ್ಬ ಮಾತ್ರ ಎದುರಿಗೇ ಸೀಲ್ ಒಡೆಸಿ.

ಜೋಯಿಡಾ ಸಣ್ಣ ಊರು, ನಿಮ್ಮ ಗಾಡಿಯ ಪ್ಯಾಡ್ ಅಲ್ಲಿ ಸಿಕ್ಕೀತೆಂದು ನೆಚ್ಚಬೇಡಿ. ಹಳಿಯಾಳದಲ್ಲೋ ದಾಂಡೇಲಿಯಲ್ಲೋ ಮುಗಿಸಿಕೊಳ್ಳಿ. ಮಳೆಗಾಲದಲ್ಲಿ ನೀರಿನ ಮೇಲೆ ಹಾದ ಬಳಿಕ ಬ್ರೇಕನ್ನು ಎರಡು ಸಲ ಹಗುರವಾಗಿ ಒತ್ತಿ ಒಣಗಿಸಿ. ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ಇಳಿಯುವ ಜಾಣತನ ಬೇಡ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ.

ದಾಂಡೇಲಿಯಿಂದ ಮುಂಡಗೋಡಕ್ಕೂ ಹೋಗುವುದಾದರೆ ದಾರಿ ಯಲ್ಲಾಪುರದ ಮೇಲೆ. ಬ್ರೇಕಿಗೆ ಅಷ್ಟೇನೂ ಕೆಲಸವಿಲ್ಲ. 1966ರಿಂದ ಇರುವ ಟಿಬೆಟನ್ ಕ್ಯಾಂಪಿನಲ್ಲಿ ಬಿಸಿ ಥುಕ್ಪಾ ಕುಡಿಯಿರಿ, ಸಾಕು.

ಹೊರಡುವ ಹಿಂದಿನ ದಿನ ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಬಣ್ಣ ನೋಡಿ. ಕಪ್ಪಗಿದ್ದರೆ ಹಳಿಯಾಳದಲ್ಲಿ ಎರಡು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.