ಮೂರರಲ್ಲಿ ಒಂದಕ್ಕೆ ಮಾತ್ರ ದುಡ್ಡು ಹಾಕಿ

ರ್‍ಯಾಲಿಗೆ ಕಾರು ಸಿದ್ಧಮಾಡುವ ಹುಡುಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ: ಗಟ್ಟಿ ಎಂಜಿನ್ ಮೌಂಟಿಂಗ್‌ನ ಪೂರ್ತಿ ಸೆಟ್ ವಿದೇಶದಿಂದ ತರಿಸಬೇಕೇ? ಕೊರಿಯರ್, ಕಸ್ಟಮ್ಸ್ ಸುಂಕ ಸೇರಿದರೆ ಅದು ಸಣ್ಣ ಮೊತ್ತವಲ್ಲ. ಬೇಡ ಅನ್ನುತ್ತೇನೆ.

ಚಿಕ್ಕಮಗಳೂರಿನ ಕಾಫಿತೋಟದ ಮಣ್ಣುದಾರಿಗಳಲ್ಲಿ ನಾನು ಓಡಿಸುವುದು ಪೋಲೊ 1.6. ಅದರ ಎಂಜಿನ್ನಿನ ಭಾರ ಹೊರುವ ಮೌಂಟಿಂಗ್ ಎರಡೇ, ಅಕ್ಕಪಕ್ಕದವು. ಕೆಳಗಿರುವ ಮೂರನೆಯದು, ಡಾಗ್‌ಬೋನ್, ಎಂಜಿನ್ ಹಿಂದಕ್ಕೂ ಮುಂದಕ್ಕೂ ತೂಗದಂತೆ ತಡೆಯುತ್ತದೆ. ಎಂಜಿನ್ನಿನ ಟಾರ್ಕ್ 153 ನ್ಯೂಟನ್ ಮೀಟರ್. ಫ್ರಂಟ್ ವೀಲ್ ಡ್ರೈವ್ ಕಾರಿನ ಮೌಂಟಿಂಗ್‌ಗಳು ತಡೆದುಕೊಳ್ಳಬೇಕಾದದ್ದು ಅಷ್ಟನ್ನೇ ಅಲ್ಲ, ಗೇರ್‌ಬಾಕ್ಸ್ ದಾಟಿ ಚಕ್ರಕ್ಕೆ ಹೋಗುವ ಬಲವನ್ನು. ಮೊದಲ ಗೇರಿನಲ್ಲಿ ಅದು ಹತ್ತು ಪಟ್ಟಿಗೂ ಮೀರುತ್ತದೆ. ಜಲ್ಲಿಯ ಮೇಲೆ ಜಾರಿದ ಚಕ್ರ ಮತ್ತೆ ನೆಲ ಕಚ್ಚಿದಾಗ ಮೆದು ರಬ್ಬರು ಕುಗ್ಗಿ ಹಿಗ್ಗಿ, ಚಕ್ರ ಕುಣಿಯತೊಡಗುತ್ತದೆ. ಆ ಪೆಟ್ಟು ಬೀಳುವುದು ಡ್ರೈವ್ ಶಾಫ್ಟಿಗೆ. ಡಾಗ್‌ಬೋನಿಗೆ ಪಾಲಿಯುರಿಥೇನ್ ಬುಶ್ ಹಾಕಿಸಿದ ಮೇಲೆ ನನ್ನ ಕಾರಿನಲ್ಲಿ ಆ ಕುಣಿತ ಬಹುಪಾಲು ನಿಂತಿತು. ಇಡೀ ಸೆಟ್ಟಿನ ಬೆಲೆಯಲ್ಲಿ ಇದು ಸಣ್ಣ ಪಾಲು.

ಉಳಿದೆರಡಕ್ಕೆ ಕಂಪನಿಯ ಹೊಸ ರಬ್ಬರೇ ಸಾಕು. ಬಿಸಿ, ಆಯಿಲ್ ತಾಗಿ ಹಳೆಯ ಮೌಂಟಿಂಗ್ ಹರಿದಿರುತ್ತದೆ. ಅದರ ಜಾಗಕ್ಕೆ ಗಟ್ಟಿಯದು ಹಾಕಿಸಿದವರು ಕಂಡುಕೊಳ್ಳುವ ಸುಧಾರಣೆಯಲ್ಲಿ ದೊಡ್ಡ ಪಾಲು, ಹರಿದದ್ದು ಹೋಗಿ ಹೊಸದು ಬಂತೆಂಬುದರದ್ದು.

ಮೂರನ್ನೂ ಗಟ್ಟಿ ಮಾಡಿದರೆ ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ. ರಬ್ಬರು ನುಂಗುತ್ತಿದ್ದ ಕಂಪನವೆಲ್ಲ ಕಾರಿನ ಬಾಡಿಯೊಳಕ್ಕೆ ಇಳಿಯುತ್ತದೆ. ಬ್ರಾಕೆಟ್ ಬಿರುಕು ಬಿಡುತ್ತದೆ, ವೈರಿಂಗ್ ಸವೆಯುತ್ತದೆ, ನಟ್ಟು ಬೋಲ್ಟು ಸಡಿಲಾಗುತ್ತವೆ. ಪಕ್ಕದಲ್ಲಿ ಕೂತು ಪೇಸ್ ನೋಟ್ಸ್ ಓದುವ ನ್ಯಾವಿಗೇಟರ್ ದಿನವಿಡೀ ಅದನ್ನು ಸಹಿಸಬೇಕು. ಅವರ ದಣಿವು ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಆದರೆ ಸ್ಟೇಜಿನ ಸಮಯದಲ್ಲಿ ಬರುತ್ತದೆ. ಅಲ್ಯೂಮಿನಿಯಂ ಮೌಂಟಿಂಗ್ ನಯವಾದ ಟ್ರ್ಯಾಕಿನ ರೇಸ್ ಕಾರಿಗೆ ಸರಿ. ಗುಂಡಿಬಿದ್ದ ತೋಟದ ದಾರಿಗಲ್ಲ.

ಬುಶ್ ಕೊಳ್ಳುವಾಗ ಬಣ್ಣ ನೋಡಬೇಡಿ, ಗಡಸುತನ ಕೇಳಿ. ಕಂಪನಿ ರಬ್ಬರು ಶೋರ್ ಎ ಅಳತೆಯಲ್ಲಿ ಸಾಮಾನ್ಯವಾಗಿ 50-60 ಇರುತ್ತದೆ. ರ್‍ಯಾಲಿಗೆ 75ರ ಆಸುಪಾಸು ಸಾಕೆಂಬುದು ನನ್ನ ಅನುಭವ. 95 ಎಂದರೆ ಹೆಚ್ಚುಕಡಿಮೆ ಕಲ್ಲು. ಅಂಕಿ ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ.

ದುಡ್ಡು ಕೊಡುವ ಮುನ್ನ ನೀವು ಸ್ಪರ್ಧಿಸುವ ವರ್ಗಕ್ಕೆ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾಡಿರುವ ನಿಯಮವನ್ನು ಒಮ್ಮೆ ಓದಿಕೊಳ್ಳಿ. ಸ್ಕ್ರುಟಿನಿಯಲ್ಲಿ ತಿರಸ್ಕೃತವಾದ ಭಾಗವನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ.