ಲ್ಯಾಕ್ಟೇಟ್ ಯಂತ್ರ ಕೊಳ್ಳುವ ಮುನ್ನ

ತುರ್ತು ಚಿಕಿತ್ಸಾ ವಿಭಾಗಕ್ಕೋ ಐಸಿಯುಗೋ ಹೊಸದಾಗಿ ಸೇರಿದವರ ಕಿವಿಗೆ ಲ್ಯಾಕ್ಟೇಟ್ ಎಂಬ ಹೆಸರು ಬೇಗನೆ ಬೀಳುತ್ತದೆ. ಅಂಗಾಂಶಗಳಿಗೆ ರಕ್ತವೂ ಆಮ್ಲಜನಕವೂ ಸಾಲದಾದಾಗ ರಕ್ತದಲ್ಲಿ ಇದು ಏರುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಲೀಟರಿಗೆ 2 ಮಿಲಿಮೋಲ್‌ಗಿಂತ ಕಡಿಮೆ ಇರುತ್ತದೆ. ಸೆಪ್ಸಿಸ್ ರೋಗಿಯ ಬಿಪಿ ಸರಿಯಾಗಿ ಕಂಡರೂ ಲ್ಯಾಕ್ಟೇಟ್ 4 ದಾಟಿದ್ದರೆ ಅಪಾಯ ಹತ್ತಿರವಿದೆ ಎಂದೇ ತಿಳಿಯಬೇಕು. ಯಕೃತ್ತಿನ ತೊಂದರೆ, ಫಿಟ್ಸ್, ಅಡ್ರಿನಲಿನ್ ಔಷಧಿಯಿಂದಲೂ ಅದು ಏರಬಹುದು.

ಸರ್ವೈವಿಂಗ್ ಸೆಪ್ಸಿಸ್ ಅಭಿಯಾನವು 2018ರಲ್ಲಿ ಕೊಟ್ಟ ಸೂಚನೆ ಸರಳ: ಲ್ಯಾಕ್ಟೇಟ್ ಅಳೆಯಿರಿ, 2 ದಾಟಿದ್ದರೆ ಮತ್ತೊಮ್ಮೆ ಅಳೆಯಿರಿ. ಮೊದಲ ಅಳತೆ ರೋಗದ ತೀವ್ರತೆಯನ್ನು ತೋರಿಸಿದರೆ, ಎರಡನೆಯದು ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ತೋರಿಸುತ್ತದೆ. ಆದ್ದರಿಂದ ಯಂತ್ರ ಆರಿಸುವಾಗ ಮುಖ್ಯವಾದ ಪ್ರಶ್ನೆ ಇದು: ಎರಡನೆಯ ಅಳತೆ ಸಕಾಲಕ್ಕೆ, ಮೊದಲನೆಯದರ ಜೊತೆ ಹೋಲಿಸುವಂತೆ ಸಿಗುತ್ತದೆಯೇ?

ಹಾಸಿಗೆಯ ಪಕ್ಕದಲ್ಲೇ ಅಳೆಯುವುದಕ್ಕೆ ಇನ್ನೊಂದು ಕಾರಣವಿದೆ. ಟ್ಯೂಬಿನೊಳಗಿನ ರಕ್ತಕಣಗಳು ಸಕ್ಕರೆಯನ್ನು ಒಡೆಯುತ್ತಲೇ ಇರುತ್ತವೆ. ಲ್ಯಾಬ್ ತಲುಪುವುದು ತಡವಾದಷ್ಟೂ ಲ್ಯಾಕ್ಟೇಟ್ ಸುಳ್ಳಾಗಿ ಏರುತ್ತದೆ. ಅದಕ್ಕೇ ಲ್ಯಾಬಿಗೆ ಕಳಿಸುವಾಗ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆ.

ಯಂತ್ರಗಳಲ್ಲಿ ಮೂರು ಬಗೆ. ಮೊದಲನೆಯದು ಮೇಜಿನ ಮೇಲಿಡುವ ಎಬಿಜಿ ಯಂತ್ರ. ಪಿಎಚ್, ಆಮ್ಲಜನಕ, ಪೊಟ್ಯಾಸಿಯಂ ಜೊತೆಗೆ ಲ್ಯಾಕ್ಟೇಟನ್ನೂ ಒಂದೇ ಮಾದರಿಯಲ್ಲಿ ಕೊಡುವ ಇದು ರೋಗಿಗಳು ಹೆಚ್ಚಿರುವ ಐಸಿಯುಗೆ ಸರಿ. ಆದರೆ ಅದಕ್ಕೆ ನಿರಂತರ ವಿದ್ಯುತ್, ಸರ್ವಿಸ್ ಎರಡೂ ಬೇಕು. ಎರಡನೆಯದು ಕೈಯಲ್ಲಿ ಹಿಡಿಯುವ ಕಾರ್ಟ್ರಿಜ್ ಯಂತ್ರ. ಉದಾಹರಣೆಗೆ ಐ-ಸ್ಟ್ಯಾಟ್: ಸುಮಾರು 95 ಮೈಕ್ರೋಲೀಟರ್ ರಕ್ತ, ಎರಡು ನಿಮಿಷದ ಆಸುಪಾಸಿನಲ್ಲಿ ಫಲಿತಾಂಶ. ಆದರೆ ಕಾರ್ಟ್ರಿಜ್‌ಗಳನ್ನು ಫ್ರಿಜ್ಜಿನಲ್ಲಿಡಬೇಕು. ಮೂರನೆಯದು ಗ್ಲುಕೋಮೀಟರ್ ಮಾದರಿಯ ಸ್ಟ್ರಿಪ್ ಮೀಟರ್. ಸ್ಟ್ಯಾಟ್‌ಸ್ಟ್ರಿಪ್‌ಗೆ 0.6 ಮೈಕ್ರೋಲೀಟರ್ ರಕ್ತ, 13 ಸೆಕೆಂಡ್ ಸಾಕು. ವಾರ್ಡಿಗೂ ಹೆರಿಗೆ ಕೋಣೆಗೂ ಹೊಂದುತ್ತದೆ. ಕ್ರೀಡಾಪಟುಗಳ ತರಬೇತಿಗೆಂದು ಮಾರುವ ಮೀಟರ್‌ಗಳೂ ಹೀಗೇ ಕಾಣುತ್ತವೆ. ರೋಗಿಗಳ ಮೇಲೆ ಬಳಸಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿ.

ಒಂದು ಯಂತ್ರದ ಅಂಕಿ ಇನ್ನೊಂದಕ್ಕೆ ಹೊಂದುತ್ತದೆ ಎಂದುಕೊಳ್ಳಬೇಡಿ. ಹೆರಿಗೆಯ ವೇಳೆ ಮಗುವಿನ ನೆತ್ತಿಯ ರಕ್ತದಲ್ಲಿ 4.8ಕ್ಕಿಂತ ಹೆಚ್ಚಿದ್ದರೆ ಅಪಾಯ ಎಂಬ ಮಿತಿ ಸ್ವೀಡನ್ನಿನಲ್ಲಿ ಲ್ಯಾಕ್ಟೇಟ್ ಪ್ರೋ ಮೀಟರಿನಿಂದ ಬಂದದ್ದು. ಬೇರೆ ಮೀಟರ್ ಬಂದಾಗ ಆ ಮಿತಿಯನ್ನು ಹೊಸದಾಗಿ ಪರಿಶೀಲಿಸಬೇಕು. ಹಾಗೆಯೇ ಒಬ್ಬ ರೋಗಿಯ ಎರಡೂ ಅಳತೆ ಒಂದೇ ಯಂತ್ರದಲ್ಲಿ, ಒಂದೇ ಬಗೆಯ ರಕ್ತದಲ್ಲಿ ಆಗಲಿ. ಶಾಕ್‌ನಲ್ಲಿರುವವರ ತಣ್ಣಗಾದ ಬೆರಳ ತುದಿಯ ರಕ್ತವನ್ನು ನೆಚ್ಚಬೇಡಿ.

ಹೆಮಟೋಕ್ರಿಟ್ ಬಗ್ಗೆಯೂ ವಿಚಾರಿಸಿ. ರಕ್ತಹೀನತೆಯಲ್ಲಿ ಅದು ಇಳಿಯುತ್ತದೆ, ತೀವ್ರ ಡೆಂಗಿಯಲ್ಲಿ ಏರುತ್ತದೆ. ಅದನ್ನು ಸರಿದೂಗಿಸದ ಸ್ಟ್ರಿಪ್ ಇಂಥವರಲ್ಲೇ ತಪ್ಪು ಹೇಳುತ್ತದೆ. ಯೂನಿಟ್ಟನ್ನೂ ನೋಡಿ: 2 ಮಿಲಿಮೋಲ್ ಎಂದರೆ ಡೆಸಿಲೀಟರಿಗೆ ಸುಮಾರು 18 ಮಿಲಿಗ್ರಾಂ. ಆಸ್ಪತ್ರೆಯಲ್ಲೆಲ್ಲ ಒಂದೇ ಯೂನಿಟ್ ಇಡದಿದ್ದರೆ ನಡುರಾತ್ರಿ ಗೊಂದಲ ಖಚಿತ.

ಇನ್ನು ಖರ್ಚು. ಯಂತ್ರದ ಬೆಲೆ ಒಮ್ಮೆ ಕೊಡುವಂಥದ್ದು. ಸ್ಟ್ರಿಪ್, ಕಾರ್ಟ್ರಿಜ್, ಕಂಟ್ರೋಲ್ ದ್ರಾವಣಗಳದ್ದು ನಿತ್ಯದ ಖರ್ಚು. ತಿಂಗಳಿಗೆ ಎಷ್ಟು ಪರೀಕ್ಷೆ ಆಗುತ್ತದೆಂದು ಮೊದಲು ಎಣಿಸಿ. ರೋಗಿಗಳು ಕಡಿಮೆ ಇರುವ ಆಸ್ಪತ್ರೆಯಲ್ಲಿ ದೊಡ್ಡ ಪ್ಯಾಕ್ ಬಳಸುವ ಮೊದಲೇ ಎಕ್ಸ್‌ಪೈರಿ ಆಗುತ್ತದೆ. ಸ್ಟ್ರಿಪ್ ಮುಗಿದ ದಿನ ಎರಡನೆಯ ಅಳತೆಯೂ ಇಲ್ಲ. ಅಂಥ ಹೊತ್ತಿನಲ್ಲಿ ಉಗುರು ಒತ್ತಿಬಿಟ್ಟು ಬಣ್ಣ ಮರಳುವ ಸಮಯ ನೋಡುವುದನ್ನು ಮರೆಯಬೇಡಿ. 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನದ ಬಳಿಕ ಆ ಹಳೆಯ ಪರೀಕ್ಷೆಗೆ ಗೌರವ ಹೆಚ್ಚಿದೆ.

ಸಹಿ ಹಾಕುವ ಮುನ್ನ ಯಂತ್ರವನ್ನು ಕೆಲವು ದಿನ ಪ್ರಯೋಗಕ್ಕೆ ಕೇಳಿ ಪಡೆಯಿರಿ. ಕಡಿಮೆ, ಮಧ್ಯಮ, ಹೆಚ್ಚು ಲ್ಯಾಕ್ಟೇಟ್ ಇರುವ ಮಾದರಿಗಳನ್ನು ಲ್ಯಾಬಿನ ಫಲಿತಾಂಶದ ಜೊತೆ ಹೋಲಿಸಿ. ರಾತ್ರಿ ಪಾಳಿಯ ಸಿಸ್ಟರುಗಳ ಕೈಗೆ ಕೊಟ್ಟು ಅವರ ಅಭಿಪ್ರಾಯ ಕೇಳಿ. ಯಂತ್ರವನ್ನು ದಿನವೂ ಬಳಸುವವರು ಅವರೇ.